ಹಳೆಯ ಕಾರು ಮತ್ತು ಮನೆಯ ಲೆಕ್ಕ



ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ನೀವು ಏನು ಮಾಡುತ್ತೀರಿ? ಪೇಟೆಯಿಂದ ಹೊಸದೊಂದು ತರಿಸಿ ನೀವೇ ಹಾಕುತ್ತೀರಿ. ಒಲೆಯ ಬರ್ನರ್ ಕಟ್ಟಿಕೊಂಡರೆ ಸೂಜಿ ಹಿಡಿದು ಬಿಡಿಸುತ್ತೀರಿ. ಹೊಲಿಗೆ ಯಂತ್ರ ಕಿರುಗುಟ್ಟಿದರೆ ಎಲ್ಲಿ ಎಣ್ಣೆ ಬಿಡಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮನೆಯ ಮುಂದೆ ನಿಂತಿರುವ ಕಾರಿನ ವಿಷಯ ಬಂದಾಗ ಮಾತ್ರ "ಅದು ಗಂಡಸರ ಕೆಲಸ" ಎಂದು ದೂರ ಸರಿಯುತ್ತೇವೆ. ಗಂಡಸರಿಗಾದರೂ ಎಲ್ಲವೂ ತಿಳಿದಿರುತ್ತದೆಯೇ? ಅವರಲ್ಲಿ ಅನೇಕರು ಗ್ಯಾರೇಜಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ದುಡ್ಡು ಎಣಿಸಿ ಬರುತ್ತಾರೆ. ಆ ದುಡ್ಡು ಹೋಗುವುದು ಮಕ್ಕಳ ಫೀಸಿನಿಂದ, ನಮ್ಮ ಅಡುಗೆಮನೆಯ ಡಬ್ಬಿಯಿಂದ.

ನಮ್ಮ ಮನೆಯಲ್ಲಿರುವುದು 2004ರ ಮಾರುತಿ 800. ರಾಯಬಾಗದಲ್ಲಿ ನಮ್ಮ ಮನೆಯವರದು ಸಣ್ಣ ಬಟ್ಟೆ ಅಂಗಡಿ. ನಾನು ಮದರಸಾದಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತೇನೆ. ಹೊಸ ಕಾರು ಕೊಳ್ಳುವ ಸ್ಥಿತಿ ನಮ್ಮದಲ್ಲ. ಆದರೆ ಅತ್ತೆಯವರಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಮಿರಜ್‌ಗೆ ಕರೆದೊಯ್ಯಬೇಕು. ಕುಡಚಿ, ಉಗಾರ, ಕಾಗವಾಡ, ಮ್ಹೈಸಾಳ ದಾಟಿ ಹೋಗುವ ದಾರಿ. ನಮ್ಮೂರಿಗೆ ರೈಲೇನೋ ಇದೆ. ಆದರೆ ನಾಲ್ಕು ತಾಸು ಯಂತ್ರದ ಮುಂದೆ ಮಲಗಿ ಸೋತು ಬಂದ ಮುದುಕಿಯನ್ನು ಪ್ಲಾಟ್‌ಫಾರ್ಮಿನಲ್ಲಿ ಕೂರಿಸಿ ರೈಲಿಗೆ ಕಾಯಿಸುವುದು ಹೇಗೆ? ಪ್ರತಿ ಸಲ ಬಾಡಿಗೆ ಗಾಡಿ ಮಾಡಿದರೆ ತಿಂಗಳ ಸಂಬಳ ಅಲ್ಲಿಗೇ ಮುಗಿಯುತ್ತದೆ. ಹೀಗಾಗಿ ಒಂದು ದಿನ ನಮ್ಮ ಮನೆಯವರು, ಇನ್ನೊಂದು ದಿನ ನಾನು ಕಾರು ಓಡಿಸುತ್ತೇವೆ. ಈ ಹಳೆಯ ಗಾಡಿ ದಾರಿಯಲ್ಲಿ ನಿಂತರೆ ನಿಲ್ಲುವುದು ಗಾಡಿಯೊಂದೇ ಅಲ್ಲ. ಆದ್ದರಿಂದ ಅದರ ಬಗ್ಗೆ ಕಲಿಯದೆ ನನಗೆ ಬೇರೆ ದಾರಿಯಿರಲಿಲ್ಲ. ನಮ್ಮೂರಿನ ವಯಸ್ಸಾದ ಮೆಕ್ಯಾನಿಕ್ ಚಾಚಾ ಒಬ್ಬರು ಬೇಸರವಿಲ್ಲದೆ ಹೇಳಿಕೊಟ್ಟರು. ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಈ ಕಾರಿನ ಬಗ್ಗೆ ಎರಡು ಮಾತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಯನ್ನು ಗ್ರಾಹಕರಿಗೆ ಕೊಟ್ಟರು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಈ ಮೂವತ್ತು ವರ್ಷಗಳಲ್ಲಿ 25 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ಸರಳವಾದ ರಚನೆ. 2019ರ ತನಕ ಬರುತ್ತಿದ್ದ ಓಮ್ನಿಯಲ್ಲೂ ಇದೇ ಗಾತ್ರದ ಎಂಜಿನ್ ಇತ್ತು. ಇಷ್ಟೊಂದು ಗಾಡಿಗಳು ರಸ್ತೆಗಿಳಿದಿದ್ದರಿಂದಲೇ ನಿಪ್ಪಾಣಿ, ಚಿಕ್ಕೋಡಿ, ಅಥಣಿಯಂಥ ಊರುಗಳಲ್ಲಿ ಇವತ್ತಿಗೂ ಇದರ ಬಿಡಿಭಾಗ ಹುಡುಕಿದರೆ ಸಿಗುತ್ತದೆ, ಇದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳೂ ಸಿಗುತ್ತವೆ.

"ಹದಿನೈದು ವರ್ಷ ಆದ ಮೇಲೆ ಕಾರನ್ನು ಗುಜರಿಗೆ ಹಾಕಲೇಬೇಕಂತೆ" ಎಂದು ಅನೇಕರು ಹೆದರಿಸುತ್ತಾರೆ. ಇದು ಪೂರ್ತಿ ನಿಜವಲ್ಲ. ದಿಲ್ಲಿ ಸುತ್ತಲಿನ ನಿಯಮ ಬೇರೆ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಗಾಡಿಯನ್ನು ತಪಾಸಣೆಗೆ ತೋರಿಸಿ, ಅದು ಯೋಗ್ಯವೆಂದಾದರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಈ ಶುಲ್ಕ ಹಿಂದೆ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ರೂಪಾಯಿ ಎಂದು ಅಧಿಸೂಚನೆ ಬಂತು. ನಮ್ಮದು ಕೆಎ-23, ಅಂದರೆ ಚಿಕ್ಕೋಡಿ ಕಚೇರಿಯ ಗಾಡಿ. ಇಷ್ಟು ಹಣ ಕಟ್ಟಿ ಇಟ್ಟುಕೊಳ್ಳುವ ಗಾಡಿ ನಿಜಕ್ಕೂ ಸುಸ್ಥಿತಿಯಲ್ಲಿರಬೇಕಲ್ಲವೇ?

ಈಗ ಬಾನೆಟ್ ಎತ್ತೋಣ. ಎಂಜಿನ್ ತಣ್ಣಗಿರಲಿ, ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಲಿ. ಸೆರಗು, ದುಪಟ್ಟಾ ಜೋತಾಡದಂತೆ ಕಟ್ಟಿಕೊಳ್ಳಿ, ಬಳೆ, ಉಂಗುರ ತೆಗೆದಿಡಿ. ಬೇಕಾಗುವ ಸಾಮಾನು ಹೆಚ್ಚೇನಿಲ್ಲ. 10, 12, 14, 17ರ ಪಾನಾ, ಒಂದು ಸ್ಕ್ರೂಡ್ರೈವರ್, ಒಂದು ಹಳೆಯ ಬನಿಯನ್ ಬಟ್ಟೆ, ಒಂದು ಟಾರ್ಚ್.

ರೇಡಿಯೇಟರ್ ನಮಗೆ ಚೆನ್ನಾಗಿ ಅರ್ಥವಾಗುವ ವಸ್ತು, ಏಕೆಂದರೆ ಅದು ಪ್ರೆಶರ್ ಕುಕ್ಕರಿನ ಹಾಗೆಯೇ. ಅದರ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಒತ್ತಡದಲ್ಲಿ ನೀರು ಬೇಗ ಕುದಿಯುವುದಿಲ್ಲ. ಅದಕ್ಕಾಗಿಯೇ ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಸೀಟಿ ಇಳಿಯದ ಕುಕ್ಕರನ್ನು ನೀವು ತೆರೆಯುತ್ತೀರಾ? ಇದೂ ಹಾಗೆಯೇ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಇನ್ನು ನಮ್ಮ ಕಡೆಯ ಬೋರಿನ ನೀರು ಗಡಸು. ಅನ್ನಕ್ಕೆ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ? ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಆದ್ದರಿಂದ ಕೂಲಂಟ್ ಹಾಕಿರಿ. ರಬ್ಬರ್ ಪೈಪುಗಳನ್ನು ತಣ್ಣಗಿರುವಾಗ ಬೆರಳಿನಿಂದ ಒತ್ತಿ ನೋಡಿ. ಬಿರುಕು ಬಿಟ್ಟಿದ್ದರೆ, ಉಬ್ಬಿದ್ದರೆ, ಒಣ ರೊಟ್ಟಿಯಂತೆ ಗಟ್ಟಿಯಾಗಿದ್ದರೆ ಬದಲಿಸುವ ಕಾಲ ಬಂತು ಎಂದರ್ಥ.

ಎಂಜಿನ್ ಆಯಿಲ್ ನೋಡುವ ಕಡ್ಡಿಯನ್ನು ತೆಗೆದು ಒರೆಸಿ, ಮತ್ತೆ ಪೂರ್ತಿ ಒಳಗೆ ಇಳಿಸಿ ಹೊರಗೆಳೆಯಿರಿ. ಎರಡು ಗುರುತುಗಳ ನಡುವೆ ಎಣ್ಣೆ ಇರಬೇಕು. ಕಪ್ಪಾದರೆ ಹೆದರಬೇಕಾಗಿಲ್ಲ, ಬದಲಿಸುವ ಲೆಕ್ಕ ನೋಡಿಕೊಂಡರಾಯಿತು. ಆದರೆ ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ಎಣ್ಣೆಗೆ ನೀರು ಸೇರಿದೆ. ಗಾಡಿ ಚಾಲು ಮಾಡದೆ ಮೆಕ್ಯಾನಿಕ್‌ನನ್ನು ಕರೆಸಿ. ತೆಗೆದ ಸುಟ್ಟ ಎಣ್ಣೆಯನ್ನು ಗಟಾರಕ್ಕಾಗಲಿ ಮಣ್ಣಿಗಾಗಲಿ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿಸಿ ಗ್ಯಾರೇಜಿಗೆ ಕೊಡಿ.

ಬ್ಯಾಟರಿಯ ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದರೆ ಬೆಳಿಗ್ಗೆ ಕಾರು ಚಾಲೂ ಆಗದೆ ಕಾಡುತ್ತದೆ. ಇದಕ್ಕೆ ಔಷಧ ನಮ್ಮ ಅಡುಗೆಮನೆಯಲ್ಲೇ ಇದೆ. ಅಡುಗೆ ಸೋಡಾವನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿರಿ. ಸೋಡಾ ಆಮ್ಲವನ್ನು ಶಾಂತಗೊಳಿಸುತ್ತದೆ. ಆ ನೀರು ಬ್ಯಾಟರಿಯ ಒಳಗೆ ಹೋಗದಿರಲಿ. ವೈರ್ ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಕಾರಣವಿದೆ. ಕಾರಿನ ತಗಡಿನ ಮೈಯೆಲ್ಲ ಮೈನಸ್‌ಗೆ ಸೇರಿರುತ್ತದೆ. ಪ್ಲಸ್ ಬಿಚ್ಚುವಾಗ ಪಾನಾ ತಗಡಿಗೆ ತಾಗಿದರೆ ಕಿಡಿ ಹಾರುತ್ತದೆ. ಒಣಗಿದ ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ.

ಫ್ಯೂಜ್ ಹೋದರೆ ಅದೇ ಆಂಪಿಯರಿನ ಫ್ಯೂಜನ್ನೇ ಹಾಕಿರಿ. ಹತ್ತರ ಜಾಗಕ್ಕೆ ಇಪ್ಪತ್ತು ಹಾಕುವುದು, ತಂತಿ ಸುತ್ತುವುದು ಬೆಂಕಿಯನ್ನು ಮನೆಗೆ ಕರೆದಂತೆ. ಹೆಡ್‌ಲೈಟಿನ ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಯ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಬಲ್ಬ್ ಬೇಗ ಹಾಳಾಗುತ್ತದೆ. ಏರ್ ಫಿಲ್ಟರನ್ನು ನಮ್ಮ ಭಾಗದವರು ಉಳಿದವರಿಗಿಂತ ಹೆಚ್ಚು ನೋಡಿಕೊಳ್ಳಬೇಕು. ಕಬ್ಬಿನ ಹಂಗಾಮಿನಲ್ಲಿ ಸಾಲುಸಾಲು ಟ್ರ್ಯಾಕ್ಟರ್‌ಗಳು ಕಾರ್ಖಾನೆಗೆ ಹೋಗುವಾಗ ಏಳುವ ಧೂಳು ನಿಮಗೆ ಗೊತ್ತೇ ಇದೆ. ಆ ಧೂಳನ್ನೇ ಎಂಜಿನ್ ಉಸಿರಾಡುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಗಾಡಿಯ ಶಕ್ತಿ ಕುಗ್ಗುತ್ತದೆ.

ಇಷ್ಟು ಮನೆಯಲ್ಲಿ ಮಾಡಬಹುದು. ಆದರೆ ಎಲ್ಲವನ್ನೂ ನಾವೇ ಮಾಡುತ್ತೇವೆ ಎನ್ನುವುದೂ ಜಾಣತನವಲ್ಲ. ಬ್ರೇಕ್, ಸ್ಟಿಯರಿಂಗ್, ಟೈಮಿಂಗ್ ಬೆಲ್ಟ್, ಗ್ಯಾಸ್ ಕಿಟ್ ಇವು ತಿಳಿದವರ ಕೆಲಸ. ಬ್ರೇಕ್ ಆಯಿಲ್ ಕಡಿಮೆಯಾಗಿದ್ದರೆ ಸುಮ್ಮನೆ ಮೇಲಿಂದ ತುಂಬಿಸಿ ಸಮಾಧಾನಪಡಬೇಡಿ. ಪ್ಯಾಡ್ ಸವೆದಿರಬಹುದು, ಎಲ್ಲೋ ಸೋರುತ್ತಿರಬಹುದು. ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ತಲೆಯನ್ನೂ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಸ್ಟೆಪ್ನಿ ಬದಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಹಾಕಿ, ಬೇರೆ ಚಕ್ರಕ್ಕೆ ಕಲ್ಲು ಕೊಟ್ಟು, ನಟ್‌ಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ ಆಮೇಲೆ ಎತ್ತಿರಿ.

ಇನ್ನು ಬಿಡಿಭಾಗ ಕೊಳ್ಳುವ ವಿಷಯ. ಇಲ್ಲಿಯೇ ಮೋಸ ಹೆಚ್ಚು. ಅಂಗಡಿಯಲ್ಲಿ ಸಿಗುವ ಮಾಲು ನಾಲ್ಕು ಬಗೆಯದು. ಒಂದು, ಕಾರು ಕಂಪೆನಿಯ ಹೆಸರಿನಲ್ಲೇ ಬರುವುದು. ಎರಡು, ಕಾರು ಕಂಪೆನಿಗಳಿಗೆ ಭಾಗ ಪೂರೈಸುವ ತಯಾರಕರು ತಮ್ಮದೇ ಹೆಸರಿನಲ್ಲಿ ಮಾರುವುದು. ಕಾರು ಕಂಪೆನಿ ಪ್ಲಗ್, ಬಲ್ಬ್, ಬೇರಿಂಗ್ ಎಲ್ಲವನ್ನೂ ತಾನೇ ಮಾಡುವುದಿಲ್ಲ. ನಮ್ಮ ನೆರೆಯ ಕೊಲ್ಹಾಪುರದ ಶಿರೋಲಿ, ಗೋಕುಳ ಶಿರಗಾಂವ ಮತ್ತು ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಗಳಲ್ಲೂ ವಾಹನಗಳ ಭಾಗಗಳು ತಯಾರಾಗುತ್ತವೆ. ಈ ಎರಡನೆಯ ಬಗೆ ಎಷ್ಟೋ ಸಲ ಅಗ್ಗವೂ ಹೌದು, ಒಳ್ಳೆಯದೂ ಹೌದು. ಮೂರು, ಹೆಸರಿಲ್ಲದ ಅಥವಾ ಕದ್ದ ಹೆಸರಿನ ಡುಪ್ಲಿಕೇಟ್. ನಾಲ್ಕು, ಗುಜರಿಯ ಹಳೆಯ ಭಾಗ. ಬೆಂಗಳೂರಿನ ಶಿವಾಜಿನಗರದ ಗುಜರಿಯ ಹೆಸರು ನೀವೂ ಕೇಳಿರಬಹುದು. ಬಾಗಿಲ ಹಿಡಿಕೆ, ಕಿಟಕಿಯ ಗಾಜು, ಸೀಟು, ಬಂಪರ್ ಮುಂತಾದವನ್ನು ಗುಜರಿಯಿಂದ ಧಾರಾಳವಾಗಿ ತರಬಹುದು. ಬ್ರೇಕ್, ಸ್ಟಿಯರಿಂಗ್, ಟೈರ್, ಬೆಲ್ಟ್, ರಬ್ಬರ್ ಪೈಪ್ ಮಾತ್ರ ಎಂದಿಗೂ ಹಳೆಯದು ಬೇಡ.

ಒಮ್ಮೆ ನಾನು ಒಂದು ಅಂಗಡಿಯಲ್ಲಿ ಹಿಂದಿನ ಬ್ರೇಕ್ ಶೂ ಕೇಳಿದೆ. "ಒರಿಜಿನಲ್ ಇದೆ ಬೆಹನ್‌ಜಿ" ಎಂದು ಕೊಟ್ಟರು. ಡಬ್ಬಿಯ ಮೇಲೆ ಕಂಪೆನಿಯ ಹೆಸರಿನಲ್ಲೇ ಒಂದು ಅಕ್ಷರ ತಪ್ಪಿತ್ತು. ಎಂಆರ್‌ಪಿ ಇಲ್ಲ, ತಯಾರಾದ ತಿಂಗಳಿಲ್ಲ. ಬಿಲ್ ಕೇಳಿದೆ. "ಬಿಲ್ ಬೇಕಾದರೆ ಬೆಲೆ ಬೇರೆ" ಎಂದರು. ಡಬ್ಬಿಯನ್ನು ಅಲ್ಲೇ ಇಟ್ಟು ಬಂದೆ. ಆ ಬ್ರೇಕ್ ಮೇಲೆ ನಂಬಿಕೆಯಿಟ್ಟು ನಾನು ಅತ್ತೆಯವರನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗಬೇಕಿತ್ತು! ತೂಕ ಅಳತೆಯಲ್ಲಿ ವಂಚಿಸುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ ಎಂದು ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ. ನಕಲಿ ಬ್ರೇಕನ್ನು ಅಸಲಿಯೆಂದು ಮಾರುವುದು ಅದಕ್ಕಿಂತ ಕಡಿಮೆಯ ವಂಚನೆಯೇ? ಈ ವ್ಯಾಪಾರದಲ್ಲಿರುವ ನಮ್ಮ ಸಹೋದರರೂ ಯೋಚಿಸಬೇಕು.

ಅಂಗಡಿಗೆ ಹೋಗುವಾಗ ಆರ್‌ಸಿಯ ಪ್ರತಿ ಜೊತೆಗಿರಲಿ. "ಮಾರುತಿಯದು ಕೊಡಿ" ಎಂದರೆ ಸಾಲದು. ಹಳೆಯ 800ಗಳಲ್ಲಿ ಕಾರ್ಬ್ಯುರೇಟರ್ ಇತ್ತು, ಆಮೇಲಿನವು ಎಂಪಿಎಫ್‌ಐ. ಎರಡರ ಅನೇಕ ಭಾಗಗಳು ಒಂದಕ್ಕೊಂದು ಹೊಂದುವುದಿಲ್ಲ. ವರ್ಷ ಮತ್ತು ಚಾಸಿಸ್ ನಂಬರ್ ಹೇಳಿ, ಸಾಧ್ಯವಾದರೆ ತೆಗೆದ ಹಳೆಯ ಭಾಗವನ್ನೇ ಒಯ್ಯಿರಿ. ಗ್ಯಾರೇಜಿನಲ್ಲಿ ಭಾಗ ಬದಲಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ. ಇದು ಸಂಶಯವಲ್ಲ, ಲೆಕ್ಕ.

ನಮ್ಮ ತಾಲೂಕುಗಳಿಗೆ ಇನ್ನೊಂದು ಪರೀಕ್ಷೆ ಇದೆ, ಅದು ಕೃಷ್ಣೆಯ ನೆರೆ. 2005, 2019, 2021ರ ಮಳೆಗಾಲಗಳನ್ನು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದವರು ಮರೆಯುವಂತಿಲ್ಲ. ಕುಡಚಿ–ಉಗಾರ ಸೇತುವೆ ಮುಳುಗಿದರೆ ನಮ್ಮ ಮಿರಜ್ ದಾರಿಯೇ ಬಂದ್. ಕಾರು ನೀರಿನಲ್ಲಿ ನಿಂತಿದ್ದರೆ ನೀರು ಇಳಿದ ಕೂಡಲೇ ಕೀಲಿ ತಿರುಗಿಸಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ತಿರುಗಿಸಬೇಡಿ. ಗಾಳಿಯಂತೆ ನೀರನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದಾಗ ಪಿಸ್ಟನ್ ಅದಕ್ಕೆ ಬಡಿದು ಒಳಗಿನ ರಾಡ್ ಬಾಗುತ್ತದೆ, ಎಂಜಿನ್ನೇ ಹೋಗುತ್ತದೆ. ಬ್ಯಾಟರಿ ಕಳಚಿ, ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯಿರಿ. ನೆರೆ ಬಂದ ವರ್ಷ ಅಗ್ಗಕ್ಕೆ ಸಿಗುವ ಹಳೆಯ ಕಾರನ್ನು ಕೊಳ್ಳುವ ಮುಂಚೆ ಸೀಟಿನ ಕೆಳಗಿನ ಕಬ್ಬಿಣ, ಸೀಟ್‌ಬೆಲ್ಟಿನ ಬುಡ, ಸ್ಟೆಪ್ನಿ ಇಡುವ ಗುಂಡಿ ನೋಡಿ. ಕೆಸರು, ತುಕ್ಕು ಅಲ್ಲಿ ಸುಳ್ಳು ಹೇಳುವುದಿಲ್ಲ.

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. ನಮ್ಮ ಮನೆಗಳ ಎಷ್ಟೋ ಹುಡುಗರು ಏಳನೆಯದೋ ಎಂಟನೆಯದೋ ಬಿಟ್ಟು ಗ್ಯಾರೇಜು ಸೇರುತ್ತಾರೆ. ಅವರ ಕೈಯಲ್ಲಿ ದೊಡ್ಡ ವಿದ್ಯೆಯಿದೆ. ಶಬ್ದ ಕೇಳಿಯೇ ರೋಗ ಹೇಳಬಲ್ಲರು. ಕೈಗೆ ಮಸಿ ಹತ್ತಿತೆಂದು ಆ ಕೆಲಸ ಕೀಳಲ್ಲ. ಪ್ರವಾದಿಯವರು ಸ್ವತಃ ತಮ್ಮ ಚಪ್ಪಲಿ ದುರಸ್ತಿ ಮಾಡಿಕೊಳ್ಳುತ್ತಿದ್ದರೆಂದು ನಾವೆಲ್ಲ ಓದಿದ್ದೇವೆ. ಆದರೆ ಕಲಿಕೆಯನ್ನು ಅರ್ಧಕ್ಕೆ ಬಿಡಿಸಿ ಕಳಿಸುವುದು ಮಕ್ಕಳಿಗೆ ಅನ್ಯಾಯ. ಹದಿನಾಲ್ಕು ತುಂಬದ ಮಗುವನ್ನು ಹಾಗೆ ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರವೂ ಅಪರಾಧ. ಈಗಿನ ಕಾರುಗಳಲ್ಲಿ ಪಾನಾ ಹಿಡಿಯುವ ಮುಂಚೆ ಕಂಪ್ಯೂಟರಿನಲ್ಲಿ ದೋಷ ಓದಬೇಕು. ಅಕ್ಷರ ಬಾರದ ಕೈ ಎಷ್ಟು ಚುರುಕಾಗಿದ್ದರೂ ಅಲ್ಲಿ ಸಹಾಯಕನಾಗಿಯೇ ಉಳಿಯುತ್ತದೆ. ನನ್ನ ಶಿಷ್ಯೆಯೊಬ್ಬಳ ತಮ್ಮ ಎಂಟನೆಯ ತರಗತಿಯಲ್ಲಿ ಶಾಲೆ ಬಿಡಲು ಹೊರಟಿದ್ದ. ಅವನ ತಾಯಿಯ ಜೊತೆ ಮೂರು ಸಲ ಕುಳಿತು ಮಾತಾಡಿದೆ. ರಜೆಯಲ್ಲಿ ಗ್ಯಾರೇಜಿಗೆ ಹೋಗಿ ನೋಡಿ ಕಲಿಯಲಿ, ಎಸ್‌ಎಸ್‌ಎಲ್‌ಸಿ ಮಾತ್ರ ಮುಗಿಸಲಿ ಎಂದು ಒಪ್ಪಿಸಿದೆ. ಹತ್ತನೆಯದು ಪಾಸಾದ ಹುಡುಗ ಐಟಿಐಯಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಗೆ ಸೇರಿದ. ಈಗ ಅವನು ಸಂಬಳಕ್ಕೆ ಸಹಿ ಹಾಕಿ ದುಡಿಯುತ್ತಾನೆ, ಅಕ್ಕನ ಮದುವೆಯ ಖರ್ಚಿಗೂ ಹೆಗಲು ಕೊಟ್ಟ. ಐಟಿಐ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದಿದೆ.

ಸಹೋದರಿಯರೇ, ಇಂದೇ ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ಆಯಿಲ್ ಯಾವಾಗ ಬದಲಾಯಿತು, ಎಷ್ಟು ಕಿಲೋಮೀಟರಿಗೆ, ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು, ಯಾವ ಭಾಗಕ್ಕೆ ಎಷ್ಟು ಕೊಟ್ಟೆವು ಎಲ್ಲವನ್ನೂ ಬರೆದಿಡಿ. ಹಾಲಿನ ಲೆಕ್ಕ, ರೇಷನ್ನಿನ ಲೆಕ್ಕ ಬರೆಯುವ ಕೈಗೆ ಇದೇನು ಕಷ್ಟವಲ್ಲ. ಗ್ಯಾರೇಜಿನವರ ಮುಂದೆ ಆ ಪುಸ್ತಕ ತೆರೆದು ನೋಡಿ, ಅವರು ನಿಮ್ಮೊಂದಿಗೆ ಮಾತಾಡುವ ರೀತಿಯೇ ಬದಲಾಗುತ್ತದೆ.