ಮೆಟ್ಟು ಕೊಟ್ಟ ಗುಡಿ

ನಮ್ಮ ತಾತ ಊರ ಗೌಡರಿಗೆಲ್ಲ ಮೆಟ್ಟು ಹೊಲಿದವನು. ತಾನು ಮಾತ್ರ ಗೌಡರ ಬೀದಿಗೆ ಬಂದಾಗ ತನ್ನ ಮೆಟ್ಟು ಕಳಚಿ ಕಂಕುಳಲ್ಲಿ ಇಟ್ಟುಕೊಂಡು ನಡೆಯುತ್ತಿದ್ದ. ಆ ತಾತನ ಮೊಮ್ಮಕ್ಕಳು, ಅಣ್ಣತಮ್ಮಂದಿರು ನಾವಿಬ್ಬರು. ಕೇರಿಯಲ್ಲಿ ಮೊದಲು ಡಿಗ್ರಿ ಮುಗಿಸಿದವರು. ವಿದ್ಯಾರ್ಥಿಗಳ ಒಂದು ಸಭೆಗೆಂದು ಸಾಲ ಮಾಡಿ ಇಂಡೋನೇಷ್ಯಾಕ್ಕೆ ಹೋದೆವು. 17,000ಕ್ಕೂ ಹೆಚ್ಚು ದ್ವೀಪಗಳ ದೇಶ. ನಾವು ಕಂಡದ್ದು ಜಾವಾ ಒಂದೇ. ಅದರಲ್ಲೂ ಎದೆಯಲ್ಲಿ ಉಳಿದದ್ದು ಬೊರೊಬುದೂರ್.

ಯೋಗ್ಯಕರ್ತಾದಿಂದ ಬೆಳಿಗ್ಗೆ ಹೊರಟೆವು. ದಾರಿಯುದ್ದಕ್ಕೂ ಭತ್ತದ ಗದ್ದೆ, ಬಾಳೆ, ತೆಂಗು. ಗದ್ದೆಯಲ್ಲಿ ಬಗ್ಗಿದ ಬೆನ್ನುಗಳನ್ನು ಕಂಡು 'ನಮ್ಮೋರೇ ಕಣೋ' ಅಂದುಕೊಂಡೆವು.

ಅಲ್ಲಿ ಟಿಕೆಟಿನ ಜೊತೆಗೆ ಒಂದು ಜೊತೆ ಚಪ್ಪಲಿ ಕೊಟ್ಟರು. ಕೇದಗೆ ಜಾತಿಯ ಗಿಡದ ಎಲೆ ಹೆಣೆದು, ಮೆತ್ತನೆಯ ಅಟ್ಟೆ ಹಾಕಿ ಮಾಡಿದ್ದು. ಸುತ್ತಲ ಹಳ್ಳಿಯವರೇ ಮಾಡುತ್ತಾರಂತೆ. ಹೆಸರು 'ಉಪಾನತ್'. ಅದೂ ಸಂಸ್ಕೃತದ ಪಾದರಕ್ಷೆಯೇ. ನಮ್ಮ ಕಾಲಿನದನ್ನು ಬಿಟ್ಟು ಇದನ್ನು ಹಾಕಿಕೊಂಡೇ ಹತ್ತಬೇಕು. 'ಕಳಚು, ಹೊರಗೆ ನಿಲ್ಲು' ಅಂದ ಗುಡಿಗಳನ್ನು ಕಂಡವರು ನಾವು. 'ಹಾಕ್ಕೊಂಡು ಹತ್ತು' ಅಂದ ಗುಡಿ ಇದೇ ಮೊದಲು. ಕಲ್ಲು ಸವೆಯಬಾರದೆಂದು ಈ ಏರ್ಪಾಡು, ಕರುಣೆಯೆಲ್ಲ ಕಲ್ಲಿನ ಮೇಲೆ, ಗೊತ್ತು. ಆದರೂ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಾಗ ತಾತನ ಕಂಕುಳು ನೆನಪಾಗಿ ಗಂಟಲು ಕಟ್ಟಿತು.

ಸಾವಿರದ ಇನ್ನೂರು ವರ್ಷದಷ್ಟು ಹಳೆಯ ಕಟ್ಟಡ. ಶೈಲೇಂದ್ರ ರಾಜರ ಕಾಲದ್ದು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿದ್ದಾರೆ. ಸುಮಾರು 55,000 ಘನ ಮೀಟರ್ ಕಲ್ಲು. 504 ಬುದ್ಧರು. ಇದನ್ನು ರೂಪಿಸಿದವನು ಗುಣಧರ್ಮ ಅಂತ ಜನ ಹೇಳುತ್ತಾರೆ. ಕಲ್ಲು ಹೊತ್ತವರ ಹೆಸರು ಜನರ ಬಾಯಲ್ಲೂ ಇಲ್ಲ.

ನಮಗೆ ತೋರಿಸುತ್ತಿದ್ದಾಕೆ ತಲೆಗೆ ಬಟ್ಟೆ ಕಟ್ಟಿದ ಮುಸ್ಲಿಂ ಹೆಂಗಸು. ಅಲ್ಲಿ ದೊಡ್ಡ ಹೆಂಗಸರನ್ನು 'ಇಬು' ಅನ್ನುತ್ತಾರೆ, ತಾಯಿ ಅಂತ. ಬುದ್ಧನ ಕತೆಯನ್ನು ತನ್ನ ಮನೆಯ ಕತೆಯ ಹಾಗೆ ಹೇಳಿದಳು. ಆಮೇಲೆ ಆಗ್ನೇಯ ಮೂಲೆಗೆ ಕರೆದೊಯ್ದಳು. ಗುಡಿಯ ಪಾದದಲ್ಲಿ ಕೆತ್ತನೆಯ 160 ಚಿತ್ರಗಳಿವೆ. ಹಳೆಯ ಕಾಲದಲ್ಲೇ ಅವುಗಳ ಮುಂದೆ ಕಲ್ಲು ಪೇರಿಸಿ ಮುಚ್ಚಿಬಿಟ್ಟಿದ್ದರು. 1885ರಲ್ಲಿ ಅದು ಬಯಲಾಯಿತು. ಜಾವಾದವನೇ ಆದ ಕಾಸಿಯನ್ ಸೆಫಾಸ್ ಫೋಟೋ ತೆಗೆದ ಮೇಲೆ ಮತ್ತೆ ಮುಚ್ಚಿದರು. ಈ ಒಂದು ಮೂಲೆ ಮಾತ್ರ ತೆರೆದಿದೆ.

ಅಲ್ಲಿ ಸೊಟ್ಟ ಮುಖಗಳ ಸಾಲು. ಮೇಲೆ ಹಳೆಯ ಲಿಪಿಯಲ್ಲಿ ಒಂದು ಪದ. 'ವಿರೂಪ' ಅಂತ ಓದಿದಳು. ಕಲ್ಲುಕುಟಿಗನಿಗೆ ಕೊಟ್ಟ ಸೂಚನೆಯಂತೆ. ಮಾಡಿದ್ದುಣ್ಣೋ ಮಾರಾಯ ಅನ್ನೋ ಕರ್ಮದ ಲೆಕ್ಕ ಇದು. ಈ ಜನ್ಮದ ಪಾಪಕ್ಕೆ ಮುಂದಿನ ಜನ್ಮದಲ್ಲಿ ಕುರೂಪ. ಪಕ್ಕದ ಮ್ಯೂಸಿಯಮ್ಮಿನಲ್ಲಿ ಉಳಿದ ಚಿತ್ರಗಳ ಫೋಟೋ ನೋಡಿದೆವು. ಮೀನು, ಆಮೆ ಬೇಯಿಸಿದವರನ್ನು ನರಕದ ಹಂಡೆಯಲ್ಲಿ ಬೇಯಿಸುತ್ತಿದ್ದಾರೆ.

ನಾವು ಬುದ್ಧನನ್ನು ನೋಡಲು ಹೋದವರು. ಬುದ್ಧನ ಕಾಲ ಬುಡದಲ್ಲೇ ನಮ್ಮೂರ ಪುರೋಹಿತ ಕೂತಂತಿತ್ತು. 'ಹಿಂದಿನ ಜನ್ಮದಲ್ಲಿ ಏನು ಮಾಡಿದ್ರೋ, ಇಲ್ಲಿ ಹುಟ್ಟಿದೀರಿ' ಅನ್ನೋ ಮಾತು ಕೇಳಿಯೇ ನಮ್ಮವರು ಬೆನ್ನು ಬಗ್ಗಿಸಿದ್ದು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡರು. ಮರುವರ್ಷ ಹೊರಬಂದ ಅವರ 'ಬುದ್ಧ ಮತ್ತು ಆತನ ಧಮ್ಮ' ಪುಸ್ತಕದಲ್ಲಿ ಹಿಂದಿನ ಜನ್ಮದ ಕರ್ಮದ ಮಾತನ್ನು ಒಪ್ಪಲಿಲ್ಲ. ಅದು ಯಾಕೆ ಅಂತ ಆ ಮೂಲೆಯಲ್ಲಿ ನಿಂತಾಗ ನಮಗೆ ತಿಳಿಯಿತು. ಬುದ್ಧನನ್ನು ಸುಮ್ಮನೆ ಪಡೆಯಲಾಗುವುದಿಲ್ಲ ಗೆಳೆಯರೇ. ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಆರಿಸಿಕೊಳ್ಳಬೇಕು.

ಹೊರಡುವಾಗ ಇಬು ಇನ್ನೊಂದು ಮಾತು ಹೇಳಿದಳು. ನಮ್ಮ ಕಾಲಿನ ಚಪ್ಪಲಿಯ ಮಾದರಿಯೂ ಆ ಮುಚ್ಚಿದ ಪಾದದ ಒಂದು ಚಿತ್ರದ್ದೇ ಅಂತೆ. ಕರ್ಮ, ಚಪ್ಪಲಿ ಎರಡೂ ಒಂದೇ ಕಲ್ಲಿನಲ್ಲಿವೆ! ಕರ್ಮವನ್ನು ಅಲ್ಲೇ ಬಿಟ್ಟೆವು. ಚಪ್ಪಲಿ ತಂದೆವು.

ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. 'ಹೆಣಿಗೆ ಪಸಂದಾಗೈತೆ' ಅಂದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: 'ಇದ್ನ ಮಾಡ್ದೋರ್ನ ಆ ಗುಡಿ ಒಳೀಕ್ಕೆ ಬಿಡ್ತಾರೇನ್ರೋ?'

'ಬಿಡ್ತಾರಪ್ಪ. ಅವ್ರೂರಿನೋರೇ ನಮಗೆ ಗುಡಿ ತೋರಿಸಿದ್ದು.'

ಅಪ್ಪ ಮಾತಾಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಎದ್ದ. ಗೌಡರ ಬೀದಿಯಲ್ಲೇ ನಡೆದು ಹೋಗಿ ಅಂಗಡಿಯಿಂದ ಒಂದು ಕಟ್ಟು ಬೀಡಿ ತಂದ.