ಜೊಂಡು ಕಿತ್ತ ಜಾಗದಲ್ಲಿ ದಾಳಿಂಬೆ

ನಮ್ಮದು ಶೇಂಗಾ ಸೀಮೆ. ಚಳ್ಳಕೆರೆ, ಮೊಳಕಾಲ್ಮುರು ಎಂದರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನವು. ಇಲ್ಲಿ ಬೆಳೆದವರಿಗೆ ಗಿಡ ಬಾಡಿತೆಂದರೆ ತೋಚುವ ಕಾರಣ ಒಂದೇ: ನೀರು ಸಾಲದು. ನನ್ನ ದಾಳಿಂಬೆ ತೋಟವನ್ನು ಕೊಂದದ್ದು ಆ ನಂಬಿಕೆ.

ಮೊಳಕಾಲ್ಮುರು ಕಡೆ ನಮ್ಮ ಭಾವ ಕೆಂಪು ಗರಸು ನೆಲದಲ್ಲಿ ದಾಳಿಂಬೆ ಮಾಡಿ ಗೆದ್ದಿದ್ದರು. ನಾನೂ ಹಾಕಿದೆ, ಚಳ್ಳಕೆರೆ ತಾಲ್ಲೂಕಿನ ನಮ್ಮೂರ ಕೆರೆ ಏರಿಯ ಕೆಳಗಿನ ತರಿ ಜಮೀನಿನಲ್ಲಿ. ಅಜ್ಜ ಭತ್ತ ಬೆಳೆಯುತ್ತಿದ್ದ ಎರೆಮಣ್ಣಿನ ಗದ್ದೆ ಅದು. ಬೀಳು ಬಿದ್ದ ಮೇಲೆ ತಗ್ಗಿನಲ್ಲಿ ಜೊಂಡು ಎದ್ದಿತ್ತು. ಬೇಸಿಗೆಯಲ್ಲೂ ಅದು ಹಸಿರಾಗಿರುತ್ತಿದ್ದುದನ್ನು ನೋಡಿಯೂ ಜೆಸಿಬಿ ತರಿಸಿ ಕೀಳಿಸಿದೆ, ಡ್ರಿಪ್ ಎಳೆಸಿದೆ.

2022ರಲ್ಲಿ, ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ, ನಮ್ಮ ಕೆರೆಯೂ ತುಂಬಿತು. ಊರೆಲ್ಲ ಬಾಗಿನದ ಸಂಭ್ರಮ. ಇತ್ತ ದಾಳಿಂಬೆ ಎಲೆ ಮಧ್ಯಾಹ್ನ ಜೋಲು ಬೀಳತೊಡಗಿತು. ಮೇಲ್ಮಣ್ಣು ಒಣಗಿ, ಅಲ್ಲಲ್ಲಿ ಬೆಳ್ಳಗೆ ಕಟ್ಟಿತ್ತು. ಬಿಸಿಲಿಗೆ ಬಾಯಾರಿದೆ ಎಂದುಕೊಂಡು ಡ್ರಿಪ್ ಇನ್ನಷ್ಟು ಹೊತ್ತು ಬಿಟ್ಟೆ. ಎಲೆ ಹಳದಿಯಾಗಿ ಉದುರಿತು. ಮತ್ತೂ ಬಿಟ್ಟೆ.

ಕೊನೆಗೆ ಒಂದು ಗಿಡ ಕಿತ್ತರೆ ಬೇರಿನ ಸಿಪ್ಪೆ ಕೈಯಲ್ಲೇ ಜಾರಿತು, ಕೊಳೆತ ಮೊಟ್ಟೆಯ ನಾತ. ಗುಂಡಿ ತೋಡಿದೆ. ಮೊಣಕಾಲುದ್ದಕ್ಕೇ ನೀರು!

ನೀರು ಮಣ್ಣಿನಲ್ಲಿ ಕೆಳಕ್ಕಷ್ಟೇ ಹೋಗುವುದಿಲ್ಲ. ಒದ್ದೆ ಕಡೆಯಿಂದ ಒಣಗಿದ ಕಡೆಗೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಮೇಲಕ್ಕೂ ಏರುತ್ತದೆ. ಗರಸಿನ ಕಣಗಳ ನಡುವಿನ ಸಂದು ದೊಡ್ಡದು. ನೀರು ಬೇಗ ಇಳಿದು ಹಿಂದೆಯೇ ಗಾಳಿ ಒಳಬರುತ್ತದೆ, ಮೇಲೇರುವುದು ಗೇಣಷ್ಟಾದರೆ ಹೆಚ್ಚು. ಎರೆಮಣ್ಣಿನ ಸಂದು ತೀರಾ ಸಣ್ಣದು. ಅಲ್ಲಿ ನೀರು ನಿಧಾನವಾಗಿಯಾದರೂ ಆಳಿನ ಸೊಂಟದ ಎತ್ತರಕ್ಕೂ ಮೀರಿ ಏರಬಲ್ಲದು. ಏರಿದ್ದು ಬಿಸಿಲಿಗೆ ಆವಿಯಾಗಿ ಉಪ್ಪು ಮೇಲೆ ಉಳಿಯುತ್ತದೆ. ನಾನು ಒಣಮಣ್ಣು ಎಂದುಕೊಂಡಿದ್ದು ಆ ಚೌಳು.

ಬೇರಿನ ಸುತ್ತ ಅಷ್ಟು ನೀರಿದ್ದೂ ಗಿಡ ಬಾಡಿದ್ದೇಕೆ? ಬೇರೂ ಉಸಿರಾಡಬೇಕು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನ. ಉಸಿರು ಸಿಗದ ಬೇರಿನ ಜೀವಕೋಶಗಳು ನೀರು ಒಳಬಿಡುವ ದ್ವಾರಗಳನ್ನೇ ಮುಚ್ಚಿಕೊಳ್ಳುತ್ತವೆ. ನೀರಿನಲ್ಲಿ ನಿಂತ ಗಿಡಕ್ಕೆ ನೀರಿಲ್ಲದಾಗುತ್ತದೆ. ಅದಕ್ಕೆ ನಾನು ಇನ್ನಷ್ಟು ನೀರು ಕುಡಿಸುತ್ತಿದ್ದೆ.

ಭತ್ತ, ಜೊಂಡುಗಳ ಕಥೆ ಬೇರೆ. ಎಲೆಯಿಂದ ಬೇರಿನ ತುದಿವರೆಗೆ ಗಾಳಿ ಇಳಿಯುವ ಕೊಳವೆಗಳು ಅವಕ್ಕೆ ಹುಟ್ಟಿನಿಂದಲೇ ಇವೆ. ಜೊಂಡಿನ ಬುಡ ಅಡ್ಡ ಕೊಯ್ದರೆ ಆ ತೂತುಗಳು ಬರಿಗಣ್ಣಿಗೇ ಕಾಣುತ್ತವೆ. ಅಜ್ಜನಿಗೆ ಈ ವಿಜ್ಞಾನ ಗೊತ್ತಿರಲಿಕ್ಕಿಲ್ಲ, ಆದರೂ ಶೇಂಗಾ ಮೇಲಿನ ಹೊಲಕ್ಕೆ, ಭತ್ತ ಏರಿಯ ಕೆಳಗೆ ಎಂಬ ಲೆಕ್ಕ ತಪ್ಪಿದವನಲ್ಲ.

ಬಸಿಗಾಲುವೆ ತೋಡಿಸಿದೆ, ಉಪಯೋಗವಾಗಲಿಲ್ಲ. ಕಾಲುವೆ ಹರಿದುಹೋಗಲು ಇನ್ನೂ ತಗ್ಗಿನ ಜಾಗ ಬೇಕು. ನನ್ನ ಹೊಲವೇ ಊರಿಗೆಲ್ಲ ತಗ್ಗು.

ಕೆರೆ ಕೆಳಗೆ ತೋಟ ಮಾಡಬೇಕೆಂದಿರುವವರು ಸಸಿಗೆ ಮುಂಗಡ ಕೊಡುವ ಮುಂಚೆ, ಕೆರೆಯಲ್ಲಿ ನೀರಿರುವಾಗ, ಎದೆಮಟ್ಟದ ಗುಂಡಿ ತೆಗೆದು ಒಂದು ರಾತ್ರಿ ಬಿಟ್ಟು ನೋಡಿ. ಬೆಳಗ್ಗೆ ಅದರಲ್ಲಿ ನೀರು ನಿಂತಿದ್ದರೆ ದಾಳಿಂಬೆಯ ಆಸೆ ಬಿಡಿ, ಭತ್ತ ಹಾಕಿ.