ಊರಾಚೆಯ ಮುಯ್ಯಿ

ಮಿಕ್ಸಿ ಕೊಳ್ಳುವಾಗ ಹೆಂಗಸರು ಬಣ್ಣ ನೋಡುತ್ತಾರೆ ಎಂದು ಗಂಡಸರು ನಗುತ್ತಾರೆ. ನಿಜಕ್ಕೂ ನಾವು ನೋಡುವುದು ಬೇರೆ. ಜಾರಿನ ವಾಷರ್ ಹೋದರೆ ಊರಲ್ಲೇ ಸಿಗುತ್ತದೆಯೇ, ರಿಪೇರಿಯವನು ಕರೆದರೆ ಬರುತ್ತಾನೆಯೇ? ನಮ್ಮ ಓದುಗಿತ್ತಿಯರ ಬಳಗದ ಪುಸ್ತಕಪಟ್ಟಿಗೆ ತಂತ್ರಾಂಶ ಆರಿಸುವ ಕೆಲಸ ಬಂದಾಗ ನನ್ನ ಕೈಹಿಡಿದದ್ದು ಈ ಮಿಕ್ಸಿ ಜ್ಞಾನವೇ.

ಬಳಗದ ಪುಸ್ತಕಗಳು ತುಮಕೂರು, ಗುಬ್ಬಿ, ಕುಣಿಗಲ್ಲಿನ ಮೂರು ಮನೆಗಳ ಬೀರುಗಳಲ್ಲಿವೆ. ಗುಬ್ಬಿಯ ಬೀರುವಿನಲ್ಲಿ ನಾಟಕಗಳೇ ಹೆಚ್ಚು, ವೀರಣ್ಣನವರ ಊರಲ್ಲವೇ! ಕುಣಿಗಲ್ಲಿನವರಿಗೆ ತ್ರಿವೇಣಿ, ಎಂ.ಕೆ. ಇಂದಿರಾ ಇದ್ದರೆ ಊಟವೂ ಬೇಡ. ಯಾವ ಪುಸ್ತಕ ಎಲ್ಲಿದೆ ಎಂಬ ಪಟ್ಟಿಯನ್ನು ಒಂದು ಪುಕ್ಕಟೆ ಜಾಲತಾಣದಲ್ಲಿ ಇಟ್ಟಿದ್ದೆವು. ಒಂದು ದಿನ ಅದು ಬಾಗಿಲು ಹಾಕಿತು. ಪಟ್ಟಿ ಹೋದದ್ದಿರಲಿ, ಬಳಗ ಕಟ್ಟಿದ ಹಿರಿಯಕ್ಕ ತೀರಿಕೊಳ್ಳುವ ಮುನ್ನ ಒಂದೊಂದು ಪುಸ್ತಕದ ಕೆಳಗೂ ಬರೆದಿದ್ದ ನಾಲ್ಕು ಮಾತುಗಳೂ ಹೋದವು. ಇನ್ನು ಬೀಗದ ಕೈ ನಮ್ಮ ಸೊಂಟದಲ್ಲೇ ಇರಬೇಕು ಎಂದು ಅಂದೇ ನಿಶ್ಚಯವಾಯಿತು.

ಇಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗ ಉತ್ಸಾಹದಿಂದ ಬಂದ. "ಚಿಕ್ಕಮ್ಮಾ, ನೋಡ್, ರಿಯಾಕ್ಟ್, ಮಾಂಗೋಡಿಬಿ ಹಾಕಿ ಹೊಸದಾಗಿ ಬರೆದುಕೊಡ್ತೀನಿ" ಅಂದ.

"ನೀನು ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಕೆಟ್ಟರೆ?"

ಸುಮ್ಮನಾದ. "ಬೇರೆಯವರಿಗೆ ಕಷ್ಟ" ಎಂದ. ಪ್ರಾಮಾಣಿಕ ಹುಡುಗ. ವಾರ ಬಿಟ್ಟು ಅವನೇ ಕೋಹಾ ಹುಡುಕಿ ತಂದ.

ಕೋಹಾ ನ್ಯೂಜಿಲೆಂಡಿನ ಕೂಸು. 2000ನೇ ಇಸವಿ ಬಂದರೆ ಹಳೆಯ ತಂತ್ರಾಂಶ ಕೈಕೊಡುತ್ತದೆಂದು 1999ರಲ್ಲಿ ಅಲ್ಲಿನ ಹೊರೊವೆನುವಾ ಗ್ರಂಥಾಲಯದವರು ಬರೆಸಿ, ಮೂಲಪಾಠ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಪರ್ಲ್ ಭಾಷೆಯಲ್ಲಿದೆ. "ಪರ್ಲ್ 1987ರದು, ಹಳೇದು" ಎಂದು ಹುಡುಗ ಮೂಗು ಮುರಿದ. ಹಳೆಯದಾದರೇನು, ಒರಳುಕಲ್ಲಿನ ಹಾಗೆ ನೂರಾರು ಕೈ ಪಳಗಿದೆ. ನಮ್ಮ ಹುಡುಗನಿಲ್ಲದಿದ್ದರೂ ಬಲ್ಲವರು ಲೋಕದಲ್ಲಿದ್ದಾರೆ.

ಅದರ ಕೆಳಗಿನ ಪದರಗಳಲ್ಲಿ ಹೆಣ್ಣುಮಕ್ಕಳ ಹೆಸರುಗಳಿರುವುದು ನನಗೆ ಹಿಡಿಸಿತು. ಡೆಬಿಯನ್ ಎಂದರೆ ಡೆಬ್ರಾ ಮತ್ತು ಇಯಾನ್. ಅದನ್ನು 1993ರಲ್ಲಿ ಆರಂಭಿಸಿದಾತ ತನ್ನ ಗೆಳತಿಯ ಹೆಸರನ್ನು ತನ್ನದಕ್ಕಿಂತ ಮುಂದೆ ಇಟ್ಟ. ಪಟ್ಟಿ ಕೂಡಿಡುವ ಮರಿಯಾಡಿಬಿಗೆ ಮಾಂಟಿ ವಿಡೆನಿಯಸ್ ಇಟ್ಟದ್ದು ಕಿರಿಮಗಳ ಹೆಸರು.

ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲೇ ನಡೆಸೋಣವೆಂದರೆ, ಕರೆಂಟು ಹೋದಾಗಲೆಲ್ಲ ಗ್ರಂಥಾಲಯಕ್ಕೂ ರಜೆ. ಅದಕ್ಕೇ ತಿಂಗಳ ಬಾಡಿಗೆಗೆ ಒಂದು ಸಣ್ಣ ಸರ್ವರ್ ಹಿಡಿದೆವು. ಜಾಗ ಬಾಡಿಗೆಯದು, ಸಾಮಾನು ನಮ್ಮದು. ಸರಿಬರದಿದ್ದರೆ ಗಂಟು ಕಟ್ಟಿಕೊಂಡು ಬೇರೆಡೆಗೆ ಹೋಗಬಹುದು. ಪುಕ್ಕಟೆ ಮನೆಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಶನಿವಾರ ಶನಿವಾರ ತೆಗೆದ ನಕಲು ಪೆನ್‌ಡ್ರೈವಿನಲ್ಲಿ ಗುಬ್ಬಿಯಲ್ಲೊಂದು, ಕುಣಿಗಲ್ಲಿನಲ್ಲೊಂದು ಇರುತ್ತದೆ.

ಹೆಚ್ಚು ದುಡಿಸಿದ್ದು ಕನ್ನಡವೇ. ಹಳೆಯ ನುಡಿ ಅಕ್ಷರದಲ್ಲಿ ಮಾಡಿಟ್ಟಿದ್ದ ಪಟ್ಟಿ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಟೋಪಿ ಬಂದಂತೆ ಕಾಣುತ್ತಿತ್ತು. ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿ, ಒತ್ತಕ್ಷರ ತಿದ್ದುತ್ತ ಮೂರು ಊರಿನವರೂ ಮಧ್ಯಾಹ್ನಗಳನ್ನು ಕಳೆದೆವು. ಹಿರಿಯಕ್ಕನ ಮಾತುಗಳಲ್ಲಿ ನೆನಪಿದ್ದಷ್ಟನ್ನು ಆಗಲೇ ಮತ್ತೆ ಬರೆದದ್ದು. ಒಬ್ಬರು ಮರೆತ ಸಾಲು ಇನ್ನೊಬ್ಬರ ಬಾಯಲ್ಲಿತ್ತು.

ಕೋಹಾ ಎಂಬ ಮಾವೊರಿ ಮಾತಿಗೆ, ಪಡೆದವರು ಮುಂದೊಂದು ದಿನ ತಿರುಗಿಸಬೇಕಾದ ಉಡುಗೊರೆ ಎಂದು ಅರ್ಥವಂತೆ. ನಮ್ಮ ಮುಯ್ಯಿಯೇ ಅಲ್ಲವೇ ಇದು! ಕಾಣದ ಊರಿನವರ ಮುಯ್ಯಿಗೆ ನಾವೇನು ಹಾಕುವುದು? ಅದರ ಪರದೆಯ ಮಾತುಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಯಾರು ಬೇಕಾದರೂ ಕೈಹಚ್ಚಬಹುದು. ಹಚ್ಚಿದ್ದೇವೆ. ಪುಸ್ತಕ ಒಯ್ಯುವುದಕ್ಕೆ ‘ಎರವಲು’ ಎನ್ನಬೇಕೆಂದು ಗುಬ್ಬಿಯವರು, ‘ಕಡ’ ಸಾಕೆಂದು ಕುಣಿಗಲ್ಲಿನವರು. ಜಗಳ ಇನ್ನೂ ಮುಗಿದಿಲ್ಲ.